ನಳಂದದಲ್ಲಿ ನೋಡೋಕೆ ಏನಿದೆ? ಒಂದು ತೊಟ್ಟಿಮನೆ ಇದೆ

ಪ್ರಶ್ನೆ: ಅಪ್ಪನ ಪಿಂಡಪ್ರದಾನಕ್ಕೆಂದು ಜನವರಿಯಲ್ಲಿ ಗಯೆಗೆ ಹೋಗುತ್ತಿದ್ದೇವೆ. ಎಪ್ಪತ್ತು ದಾಟಿದ ಅಮ್ಮ, ಹೆಂಡತಿ, ಏಳನೇ ಕ್ಲಾಸಿನ ಮಗಳು ಜೊತೆಗಿರುತ್ತಾರೆ. ಕಾರ್ಯ ಮುಗಿದ ಮೇಲೆ ಒಂದು ದಿನ ಬಿಡುವಿದೆ. ನಳಂದ ನೋಡಬೇಕು ಅಂತ ನನಗೆ ಆಸೆ. ಆದರೆ ಹೋಗಿ ಬಂದ ಭಾವಮೈದ, 'ಅಲ್ಲೇನಿದೆ, ಬರೀ ಇಟ್ಟಿಗೆ ಗೋಡೆ, ಅರ್ಧ ಗಂಟೆ ಸಾಕು' ಅಂತಾನೆ. ಹಂಪಿ ನೋಡಿದವರಿಗೆ ಅಲ್ಲಿ ಹೊಸದೇನು ಸಿಗುತ್ತದೆ? ಇನ್ನೊಂದು ವಿಷಯ. ಖಿಲ್ಜಿ ಹಚ್ಚಿದ ಬೆಂಕಿ ಮೂರು ತಿಂಗಳು ಉರಿಯಿತು ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ಮಗಳು ಕೇಳಿದರೆ ಏನು ಹೇಳಲಿ?

ಉತ್ತರ: ನಿಮ್ಮ ಭಾವಮೈದ ಸುಳ್ಳು ಹೇಳಿಲ್ಲ. ನಳಂದದಲ್ಲಿ ಇರುವುದು ಇಟ್ಟಿಗೆ ಗೋಡೆಗಳೇ. ಸೂರಿಲ್ಲ, ಬಾಗಿಲಿಲ್ಲ. ಹಂಪಿಯ ಕಲ್ಲಿನ ರಥದ ಹಾಗೆ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಂಥದ್ದು ಅಲ್ಲಿ ಒಂದೇ ಒಂದು ಇದೆ, ಅದನ್ನು ಆಮೇಲೆ ಹೇಳುತ್ತೇನೆ. ನಾನು ಮೊದಲ ಸಲ ಹೋದಾಗ ನನಗೂ ನಲವತ್ತು ನಿಮಿಷಕ್ಕೇ ಸಾಕಾಗಿತ್ತು. ಜೊತೆಗಿದ್ದ ಗೈಡ್ ಕಂಡ ಕಂಡ ಗೋಡೆಯನ್ನೆಲ್ಲ 'ಇದೇ ಲೈಬ್ರರಿ' ಅನ್ನುತ್ತಿದ್ದ. ನಾಲ್ಕನೇ ಲೈಬ್ರರಿಯ ಹೊತ್ತಿಗೆ ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆ.

ತಪ್ಪು ಜಾಗದ್ದಲ್ಲ. ಎಲ್ಲವನ್ನೂ ನೋಡಿ ಮುಗಿಸಬೇಕು ಅಂತ ಹೊರಟದ್ದು ತಪ್ಪು. ಅಗೆದು ತೆಗೆದಿರುವುದು 11 ವಿಹಾರ, ಅಂದರೆ ಭಿಕ್ಷುಗಳು ಇದ್ದು ಓದುತ್ತಿದ್ದ ಕಟ್ಟಡ, ಮತ್ತೆ 6 ದೊಡ್ಡ ಇಟ್ಟಿಗೆ ಗುಡಿ. ವಿಹಾರಗಳೆಲ್ಲ ಹೆಚ್ಚುಕಡಿಮೆ ಒಂದೇ ನಕ್ಷೆಯವು. ಮೂರನೆಯದಕ್ಕೆ ಬರುವಷ್ಟರಲ್ಲಿ ಯಾರಿಗಾದರೂ ಬೇಜಾರು ಬರುತ್ತದೆ. ಅದಕ್ಕೇ ನನ್ನ ಸಲಹೆ ಇಷ್ಟು: ಒಂದು ವಿಹಾರ, ಒಂದು ಗುಡಿ, ಎದುರಿನ ಮ್ಯೂಸಿಯಂ. ಮೂರೂ ಸೇರಿ ಮೂರು ಗಂಟೆ. ಉಳಿದದ್ದರ ಪಕ್ಕದಲ್ಲಿ ಸುಮ್ನೆ ನಡೆದುಕೊಂಡು ಬನ್ನಿ.

ವಿಹಾರಗಳಲ್ಲಿ ನಾನು ಆರಿಸುವುದು 1ನೇ ನಂಬರಿನದ್ದು. ಒಳಗೆ ಹೋಗುವ ಮೊದಲು ಮಗಳಿಗೆ ಒಂದು ಮಾತು ಹೇಳಿ: ಇದು ತೊಟ್ಟಿಮನೆ. ನಿಜವಾಗಿಯೂ ಅಷ್ಟೇ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ನಾಲ್ಕೂ ಕಡೆ ಪಡಸಾಲೆ, ಪಡಸಾಲೆಗೆ ಬಾಗಿಲು ತೆಗೆಯುವ ಸಾಲು ಕೋಣೆಗಳು. ಬಾಗಿಲಿಂದ ಒಳಗೆ ಕಾಲಿಟ್ಟರೆ ನೇರ ಎದುರಿಗೆ ದೇವರ ಕೋಣೆ. ಅಂಗಳದಲ್ಲಿ ಬಾವಿ, ಮೂಲೆಯಲ್ಲಿ ನೀರು ಹೊರಗೆ ಹೋಗುವ ಮೋರಿ, ಮಹಡಿಗೆ ಮೆಟ್ಟಿಲು. ಮಲೆನಾಡಿನಲ್ಲೋ ಹಳೇ ಮೈಸೂರಿನ ಕಡೆಯೋ ಅಜ್ಜನ ಮನೆ ನೋಡಿದವರಿಗೆ ಈ ನಕ್ಷೆ ಬಿಡಿಸಿ ಹೇಳಬೇಕಾಗಿಲ್ಲ. ಗೋಡೆ ಮಾತ್ರ ಆಳುದ್ದ ದಪ್ಪ. ಮೇಲೆ ಮಹಡಿ ಇತ್ತಲ್ಲ, ಭಾರ ಹೊರಬೇಕಿತ್ತು.

ಯಾವುದಾದರೂ ಒಂದು ಕೋಣೆಯ ಮುಂದೆ ನಿಲ್ಲಿ. ನಮ್ಮ ಕಾಲದ ಸಣ್ಣ ಬೆಡ್‌ರೂಮಿನಷ್ಟೇ ಇದೆ. ಕೆಲವು ಕೋಣೆಗಳಲ್ಲಿ ಮಲಗೋಕೆ ಗೋಡೆಗೆ ಸೇರಿಸಿ ಕಟ್ಟಿದ ಜಗಲಿ ಇದೆ. ಗೋಡೆಯಲ್ಲಿ ಗೂಡು ಇದೆ. ದೀಪಕ್ಕೋ, ಪುಸ್ತಕಕ್ಕೋ, ಪುಟ್ಟ ಮೂರ್ತಿಗೋ ಇಟ್ಟುಕೊಂಡದ್ದು. ಇದು ಹಾಸ್ಟೆಲ್ ರೂಮು ಅಂದರೆ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಏಳನೇ ಶತಮಾನದ ಕೊನೆಯಲ್ಲಿ ಹತ್ತು ವರ್ಷ ಇಲ್ಲಿ ಓದಿದ ಚೀನಾದ ಭಿಕ್ಷು ಇತ್ಸಿಂಗ್, ಒಳ್ಳೆಯ ಕೋಣೆಗಳು ಹಿರಿಯರಿಗೆ ಹೋಗುತ್ತಿದ್ದವು ಅಂತ ಬರೆದಿದ್ದಾನೆ. ಹಾಸ್ಟೆಲ್ ರಾಜಕೀಯ ಆಗಲೂ ಇತ್ತು ಅನ್ನಿ.

ಈಗ ಕೆಳಗೆ ನೋಡಿ. ಈ ವಿಹಾರದ ಮುಖ್ಯ ಸಂಗತಿ ಇರುವುದು ಅಲ್ಲೇ. ಇದು ಒಂದು ಕಟ್ಟಡ ಅಲ್ಲ, ಒಂದರ ಮೇಲೊಂದು ಕಟ್ಟಿದ ಕಟ್ಟಡಗಳ ರಾಶಿ. ಅಗೆದವರಿಗೆ ಒಂಬತ್ತು ಹಂತ ಸಿಕ್ಕವು. ಮನೆ ಹಳೆಯದಾಗಿ ಬಿದ್ದಾಗ ನಮ್ಮೂರಿನಲ್ಲಿ ಏನು ಮಾಡುತ್ತಿದ್ದರು? ಬಿದ್ದ ಮಣ್ಣನ್ನು ಅಲ್ಲೇ ಸಮ ಮಾಡಿ, ಹಳೇ ಪಾಯದ ಮೇಲೇ ಹೊಸ ಗೋಡೆ ಎಬ್ಬಿಸುತ್ತಿದ್ದರು. ಇಲ್ಲೂ ಅದೇ. ಒಂದು ಅಂಗಳ ಇನ್ನೊಂದು ಅಂಗಳಕ್ಕಿಂತ ಕೆಳಗೆ, ಒಂದು ಕಾಲದ ಗೋಡೆಯ ತಲೆಯ ಮೇಲೆ ಇನ್ನೊಂದು ಕಾಲದ ಗೋಡೆ. ಎರಡರ ಸಾಲು ಒಂದಕ್ಕೊಂದು ಪೂರ್ತಿ ಕೂಡಿಕೊಂಡಿರುವುದಿಲ್ಲ. ಆ ಕೂಡದ ಜಾಗವನ್ನು ಮಗಳ ಕೈಲಿ ಹುಡುಕಿಸಿ. ಒಂದು ಸಲ ಕಣ್ಣಿಗೆ ಬಿದ್ದರೆ ಆಮೇಲೆ ಎಲ್ಲ ಕಡೆ ಕಾಣೋಕೆ ಶುರುವಾಗುತ್ತದೆ.

ಒಂದು ಎಚ್ಚರಿಕೆ. ಗೋಡೆಗಳ ಮೇಲಿನ ಭಾಗ ಬಹಳ ಕಡೆ ಪುರಾತತ್ವ ಇಲಾಖೆಯ ರಿಪೇರಿ. ಮಳೆಗೆ ಕರಗಬಾರದು ಅಂತ ಹೊಸ ಇಟ್ಟಿಗೆಯ ಸಾಲು ಹೊದಿಸಿದ್ದಾರೆ. ಮೋಸ ಅಂದುಕೊಳ್ಳಬೇಡಿ. ಹಾಗೆ ಮಾಡದಿದ್ದರೆ ಇಷ್ಟು ಹೊತ್ತಿಗೆ ಮಣ್ಣುಗುಡ್ಡೆ ಆಗಿರುತ್ತಿತ್ತು. ಆದರೆ 'ಸಾವಿರದೈನೂರು ವರ್ಷದ ಇಟ್ಟಿಗೆ, ನೋಡಿ ಎಷ್ಟು ಹೊಸದಾಗಿದೆ' ಅಂತ ಯಾರಾದರೂ ಹೇಳಿದರೆ ನಗುತ್ತಾ ಕೆಳಗಿನ ಸಾಲುಗಳನ್ನು ನೋಡಿ. ಹಳೆಯದು ಸಿಗುವುದು ಕೆಳಗೆ.

ಇದೇ 1ನೇ ವಿಹಾರದಲ್ಲಿ 1921ರಲ್ಲಿ ಒಂದು ತಾಮ್ರಪಟ ಸಿಕ್ಕಿತು. ಪಾಲ ವಂಶದ ದೇವಪಾಲನದ್ದು, ಒಂಬತ್ತನೇ ಶತಮಾನದ್ದು. ಸುವರ್ಣದ್ವೀಪದ, ಅಂದರೆ ಈಗಿನ ಇಂಡೋನೇಷ್ಯಾ ಕಡೆಯ, ಶೈಲೇಂದ್ರ ವಂಶದ ರಾಜ ಬಾಲಪುತ್ರದೇವ ನಳಂದದಲ್ಲಿ ಒಂದು ವಿಹಾರ ಕಟ್ಟಿಸಿದ, ಅದರ ಖರ್ಚಿಗೆ ಐದು ಹಳ್ಳಿ ಬಿಟ್ಟುಕೊಡಿ ಅಂತ ದೇವಪಾಲನನ್ನು ಕೇಳಿಕೊಂಡ, ಅವನು ಕೊಟ್ಟ. ಸಮುದ್ರದಾಚೆಯ ರಾಜನೊಬ್ಬ ಇಲ್ಲಿ ಹಾಸ್ಟೆಲ್ ಕಟ್ಟಿಸುತ್ತಾನೆ, ಮೆಸ್ ಖರ್ಚು ಸ್ಥಳೀಯ ರಾಜನದ್ದು. ನಳಂದ ಎಷ್ಟು ದೊಡ್ಡದಾಗಿತ್ತು ಅಂತ ತಿಳಿಯೋಕೆ ನನಗೆ ಈ ಒಂದು ಲೆಕ್ಕ ಸಾಕು.

ಹತ್ತು ಸಾವಿರ ವಿದ್ಯಾರ್ಥಿಗಳು ಅನ್ನುವ ಸಂಖ್ಯೆ ನೀವು ಕೇಳಿರುತ್ತೀರಿ. ಅದು ಹ್ಯೂಯೆನ್ ತ್ಸಾಂಗ್‌ನ ಜೀವನಚರಿತ್ರೆಯಲ್ಲಿ ಬರುತ್ತದೆ. ಹೌದು, ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಅದೇ ಹ್ಯೂಯೆನ್ ತ್ಸಾಂಗ್. ಅವನು 637ರ ಹೊತ್ತಿಗೆ ನಳಂದಕ್ಕೆ ಬಂದ. ನೂರು ದಾಟಿದ ಶೀಲಭದ್ರರ ಹತ್ತಿರ ಪಾಠ ಹೇಳಿಸಿಕೊಂಡ. ಕೆಲವೇ ದಶಕಗಳ ನಂತರ ಬಂದ ಇತ್ಸಿಂಗ್ ಹೇಳುವ ಸಂಖ್ಯೆ ಮೂರು ಸಾವಿರ ಚಿಲ್ಲರೆ. ನಿಮ್ಮ ಮಗಳಿಗೆ ಲೆಕ್ಕ ಇಷ್ಟವಾದರೆ ಒಂದು ವಿಹಾರದ ಕೋಣೆ ಎಣಿಸಿ, ಎರಡು ಮಹಡಿ ಅಂತ ಹಿಡಿದು, 11ರಿಂದ ಗುಣಿಸಲಿ. ಯಾರ ಮಾತು ಹತ್ತಿರ ಅಂತ ಅವಳೇ ಹೇಳುತ್ತಾಳೆ. ಆದರೆ ಅಗೆದಿರುವುದು ಒಂದು ಭಾಗ ಮಾತ್ರ ಅನ್ನುವುದನ್ನೂ ಹೇಳಿ. ಸುತ್ತಲ ಹಳ್ಳಿ, ಹೊಲಗಳ ಅಡಿಯಲ್ಲಿ ಇನ್ನೂ ಇದೆ.

ಹ್ಯೂಯೆನ್ ತ್ಸಾಂಗ್‌ಗೆ ದಿನಕ್ಕೆ ಏನೇನು ಕೊಡುತ್ತಿದ್ದರು ಅನ್ನುವ ಪಟ್ಟಿಯೂ ಆ ಜೀವನಚರಿತ್ರೆಯಲ್ಲಿದೆ. 120 ಜಂಬೀರ ಹಣ್ಣು, 20 ಜಾಯಿಕಾಯಿ, ಸ್ವಲ್ಪ ಕರ್ಪೂರ, ಒಂದು ಅಳತೆ ಮಹಾಶಾಲಿ ಅಕ್ಕಿ, ಮತ್ತೆ 20 ಅಡಿಕೆ! ಓದಿದಾಗೆಲ್ಲ ನನಗೆ ಶಿರಸಿಯ ಯಾರೋ ಅತಿಥಿ ಸತ್ಕಾರ ಮಾಡಿದ ಹಾಗೆ ಅನ್ನಿಸುತ್ತದೆ. ಇತ್ಸಿಂಗ್ ಹೇಳುವ ಹೊತ್ತಿನ ಲೆಕ್ಕವೂ ನಮಗೆ ಗೊತ್ತಿರುವುದೇ. ನೀರಿನ ಪಾತ್ರೆಯಲ್ಲಿ ತಳಕ್ಕೆ ತೂತಿರುವ ತಾಮ್ರದ ಬಟ್ಟಲು ತೇಲಿಬಿಡುವುದು, ಅದು ತುಂಬಿ ಮುಳುಗಿದರೆ ಡೋಲು ಬಡಿಯುವುದು. ಗಳಿಗೆ ಬಟ್ಟಲು. ಬೆಳಿಗ್ಗೆ ಗಂಟೆ ಹೊಡೆದರೆ ಭಿಕ್ಷುಗಳು ಗುಂಪು ಗುಂಪಾಗಿ ಸುತ್ತಲಿನ ಹತ್ತಕ್ಕೂ ಹೆಚ್ಚು ದೊಡ್ಡ ಕೆರೆಗಳಿಗೆ ಸ್ನಾನಕ್ಕೆ ಹೋಗುತ್ತಿದ್ದರಂತೆ. ಬರುವ ದಾರಿಯಲ್ಲಿ ಕೆರೆ ಕಂಡರೆ ಗಾಡಿ ನಿಧಾನ ಮಾಡಿಸಿ.

ಇನ್ನು ಆ ಫೋಟೋದ ಜಾಗ. ದಕ್ಷಿಣದ ತುದಿಯಲ್ಲಿರುವ 3ನೇ ಗುಡಿ. ನೋಟಿನ ಕಂತೆ ಜೋಡಿಸಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಎದ್ದಿರುವ ಭಾರೀ ಇಟ್ಟಿಗೆ ದಿಬ್ಬ. ಮೇಲೆ ಹತ್ತೋಕೆ ಬಿಡುವುದಿಲ್ಲ, ಸುತ್ತು ಬರಬಹುದು. ಇದು ಏಳು ಸಲ ಬೆಳೆದದ್ದು. ಚಿಕ್ಕ ಗುಡಿಯನ್ನು ಒಡೆಯದೆ ಅದರ ಸುತ್ತಲೂ ದೊಡ್ಡದು, ಅದರ ಸುತ್ತಲೂ ಇನ್ನೂ ದೊಡ್ಡದು. ಈರುಳ್ಳಿ ಪದರದ ಹಾಗೆ. ಐದನೇ ಪದರದ ಮೂಲೆಯ ಗೋಪುರಗಳು ಬಯಲಾಗಿ ನಿಂತಿವೆ. ಅವುಗಳ ಗೂಡುಗಳಲ್ಲಿ ಗಾರೆಯ ಬುದ್ಧ, ಬೋಧಿಸತ್ವ ಇದ್ದಾರೆ. ಹಂಪಿಯಲ್ಲಿ ಸಿಗದ್ದು ಇದು. ಗಾರೆ ಕೆಲಸ ಬಯಲಿನಲ್ಲಿ ಉಳಿಯುವುದೇ ಕಷ್ಟ. ಇದು ಮುಂದಿನ ಪದರದೊಳಗೆ ಮುಚ್ಚಿಹೋಗಿದ್ದರಿಂದ ಉಳಿಯಿತು.

ಗುಡಿಯ ಬುಡದಲ್ಲಿ ಹರಕೆಯ ಪುಟ್ಟ ಸ್ತೂಪಗಳು ಒತ್ತೊತ್ತಾಗಿವೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರ. ಇವುಗಳ ಹೊಟ್ಟೆಯೊಳಗೆ ಬುದ್ಧನ ಮಾತು ಕೊರೆದ ಇಟ್ಟಿಗೆಗಳು ಸಿಕ್ಕಿವೆ. ಅಂಥ ಒಂದು ಇಟ್ಟಿಗೆಯ ಮೇಲೆ ಗುಪ್ತ ಶಕ 197 ಅಂತ ಇದೆ. ಅಂದರೆ ಕ್ರಿ.ಶ. 516–17. ಯಾರೂ ಓದಲಿ ಅಂತ ಬರೆದದ್ದಲ್ಲ ಅದು, ಒಳಗಿಟ್ಟು ಮುಚ್ಚೋಕೆ ಬರೆದದ್ದು. ಆದರೆ ಆ ಪದರ ಯಾವ ಕಾಲದ್ದು ಅಂತ ನಮಗೆ ಹೇಳಿದ್ದೇ ಆ ಇಟ್ಟಿಗೆ. ಇದು ಬುದ್ಧನ ಶಿಷ್ಯ ಸಾರಿಪುತ್ರನ ಸ್ತೂಪ ಅಂತ ಗೈಡ್‌ಗಳು ಹೇಳುತ್ತಾರೆ. ಸಾರಿಪುತ್ರನ ಊರು ಈ ಕಡೆಯದೇ ಅನ್ನುವುದು ಹಳೆಯ ನಂಬಿಕೆ. ಐದನೇ ಶತಮಾನದ ಶುರುವಿನಲ್ಲಿ ಬಂದ ಫಾಹಿಯಾನ್ ಅಂಥ ಒಂದು ಸ್ತೂಪ ನೋಡಿದ್ದೂ ಹೌದು. ಅದು ಇದೇ ಅನ್ನೋಕೆ ಪುರಾವೆ ಇಲ್ಲ. ಫಾಹಿಯಾನ್ ಇಲ್ಲಿ ಮಹಾವಿಹಾರ ಇತ್ತು ಅನ್ನುವುದೇ ಇಲ್ಲ, ಗಮನಿಸಿ. ಅದು ಬೆಳೆದದ್ದು ಅವನ ನಂತರ, ಒಂದನೇ ಕುಮಾರಗುಪ್ತನ ಕಾಲದಿಂದ.

ಬೆಂಕಿಯ ವಿಷಯಕ್ಕೆ ಬರೋಣ. ಇದನ್ನು ಮಗಳಿಗೆ ಬಿಡಿಸಿ ಹೇಳಬೇಕು.

ಬಖ್ತಿಯಾರ್ ಖಿಲ್ಜಿ ಹನ್ನೆರಡನೇ ಶತಮಾನದ ಕೊನೆಗೆ ಈ ಕಡೆ ನುಗ್ಗಿದ್ದು ನಿಜ. ಅವನ ದಾಳಿಯ ಬಗ್ಗೆ ಹತ್ತಿರದ ಕಾಲದಲ್ಲಿ ಬರೆದವನು ಮಿನ್ಹಾಜ್ ಎಂಬ ಪರ್ಷಿಯನ್ ಭಾಷೆಯ ಇತಿಹಾಸಕಾರ. ಬಿಹಾರದ ಕೋಟೆಯೊಂದನ್ನು ಹಿಡಿದರು, ಒಳಗಿದ್ದ ತಲೆಬೋಳಿಸಿದವರನ್ನೆಲ್ಲ ಕೊಂದರು, ರಾಶಿ ಪುಸ್ತಕ ಸಿಕ್ಕಿತು, ಅದರಲ್ಲೇನಿದೆ ಅಂತ ಕೇಳೋಣ ಅಂದರೆ ಒಬ್ಬನೂ ಉಳಿದಿರಲಿಲ್ಲ, ಆಮೇಲೆ ಗೊತ್ತಾಯಿತು ಅದು ವಿದ್ಯಾಲಯ ಅಂತ. ಅವನು ಬರೆಯುವುದು ಇಷ್ಟು. ಆ ಜಾಗ ನಳಂದ ಅಂತ ಅವನು ಹೇಳುವುದಿಲ್ಲ. ಬಹುಪಾಲು ವಿದ್ವಾಂಸರು ಅದು ಓದಂತಪುರಿ ಅನ್ನುತ್ತಾರೆ, ಈಗಿನ ಬಿಹಾರ್ ಷರೀಫ್. ನಳಂದದಿಂದ ಹತ್ತು ಹನ್ನೆರಡು ಕಿಲೋಮೀಟರ್, ಅಷ್ಟೇ. ಮೂರು ತಿಂಗಳು ಉರಿಯಿತು ಅನ್ನುವ ಮಾತು ಆ ಕಾಲದ ಬರಹಗಳಲ್ಲಿ ಇಲ್ಲ. ಒಂಬತ್ತು ಅಂತಸ್ತಿನ ಲೈಬ್ರರಿ ಸುಟ್ಟದ್ದು ಬಹಳ ತಡವಾದ ಟಿಬೆಟಿನ ಕಥೆಗಳಲ್ಲಿ ಬರುತ್ತದೆ. ಅಲ್ಲಿ ಬೆಂಕಿ ಹಚ್ಚುವವರು ಖಿಲ್ಜಿಯ ಕಡೆಯ ತುರ್ಕರಲ್ಲ, ಸಿಟ್ಟಿಗೆದ್ದ ಇಬ್ಬರು ಪರಮತದ ಬೈರಾಗಿಗಳು.

ಹಾಗಾದರೆ ತುರ್ಕರು ನಳಂದಕ್ಕೆ ಏನೂ ಮಾಡಲಿಲ್ಲವಾ? ಮಾಡಿದರು. ಇದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಇದೆ. 1235ರ ಸುಮಾರಿಗೆ ಧರ್ಮಸ್ವಾಮಿ ಎಂಬ ಟಿಬೆಟಿನ ಭಿಕ್ಷು ಬಂದಾಗ ಬಹಳಷ್ಟು ವಿಹಾರಗಳನ್ನು ತುರ್ಕರು ಹಾಳುಗೆಡವಿದ್ದರು, ನೋಡಿಕೊಳ್ಳುವವರು ಇರಲಿಲ್ಲ. ಎರಡು ಮಾತ್ರ ಉಪಯೋಗಕ್ಕಿದ್ದವು. ಅಂಥದ್ದರಲ್ಲಿ ತೊಂಬತ್ತು ದಾಟಿದ ರಾಹುಲಶ್ರೀಭದ್ರ ಎಂಬ ಗುರು ಎಪ್ಪತ್ತು ಜನಕ್ಕೆ ಪಾಠ ಹೇಳುತ್ತಿದ್ದರು. ಧರ್ಮಸ್ವಾಮಿ ಅವರ ಹತ್ತಿರ ಸಂಸ್ಕೃತ ವ್ಯಾಕರಣ ಕಲಿಯೋಕೆ ಕೂತ. ಒಂದು ದಿನ ಓದಂತಪುರಿಯಿಂದ ಸೈನಿಕರು ಬರುತ್ತಿದ್ದಾರೆ ಅಂತ ಸುದ್ದಿ ಬಂತು. ಶಿಷ್ಯರೆಲ್ಲ ಓಡಿದರು. ನೀನೂ ಹೋಗು ಅಂದರು ಗುರು. ಇವನು ಹೋಗಲಿಲ್ಲ. ಆ ಮುದುಕರನ್ನು ಬೆನ್ನ ಮೇಲೆ ಹೊತ್ತು, ಸ್ವಲ್ಪ ಅಕ್ಕಿ, ಸಕ್ಕರೆ, ಒಂದಷ್ಟು ಪುಸ್ತಕ ತೆಗೆದುಕೊಂಡು ಹತ್ತಿರದ ಒಂದು ಗುಡಿಗೆ ಹೋಗಿ ಬಚ್ಚಿಟ್ಟುಕೊಂಡ. ಸೈನಿಕರು ಬಂದರು, ಹೋದರು. ಇವರು ವಾಪಸ್ ಬಂದು ಪಾಠ ಮುಂದುವರಿಸಿದರು.

ಖಿಲ್ಜಿಯ ದಾಳಿಯಾಗಿ ಆಗಲೇ ಮೂವತ್ತು ನಲವತ್ತು ವರ್ಷ ಕಳೆದಿತ್ತು. ನಳಂದ ಒಂದೇ ರಾತ್ರಿಯಲ್ಲಿ ಸಾಯಲಿಲ್ಲ. ಸಾಕುತ್ತಿದ್ದ ಪಾಲ ರಾಜರು ಹೋದರು, ಹಳ್ಳಿಗಳಿಂದ ಬರುವ ಅಕ್ಕಿ ನಿಂತಿತು, ದಾಳಿಗಳು ಆದವು, ಒಬ್ಬೊಬ್ಬರೇ ಹೊರಟುಹೋದರು. ಮಗಳಿಗೆ ಮೂರು ತಿಂಗಳ ಬೆಂಕಿಗಿಂತ ಬೆನ್ನ ಮೇಲಿನ ಗುರುವಿನ ಕಥೆ ಹೇಳಿ. ಅಂದಹಾಗೆ, ಇದೇ ಪ್ರಯಾಣದಲ್ಲಿ ಧರ್ಮಸ್ವಾಮಿ ಮಿಥಿಲೆಯಲ್ಲಿ ರಾಮಸಿಂಹ ಎಂಬ ರಾಜನನ್ನು ಭೇಟಿಯಾಗಿದ್ದ. ಆ ವಂಶದ ಹೆಸರು ಕರ್ಣಾಟ. ನಮ್ಮ ಕಡೆಯಿಂದ ಹೋಗಿ ಅಲ್ಲಿ ನೆಲೆ ನಿಂತವರು.

ಬೆಂಕಿ ಬಿದ್ದದ್ದು ಮಾತ್ರ ಸುಳ್ಳಲ್ಲ, ಅದೂ ಒಂದಕ್ಕಿಂತ ಜಾಸ್ತಿ ಸಲ. ಖಿಲ್ಜಿಗಿಂತ ಬಹಳ ಮೊದಲೇ, ಪಾಲ ರಾಜ ಮಹೀಪಾಲನ ಆಳ್ವಿಕೆಯ 11ನೇ ವರ್ಷದ ಒಂದು ಶಾಸನ, ಬೆಂಕಿಗೆ ಸುಟ್ಟದ್ದನ್ನು ಮತ್ತೆ ಕಟ್ಟಿಸಿದ ಬಗ್ಗೆ ಹೇಳುತ್ತದೆ. ಅಗೆದಾಗ ಬೂದಿ, ಇದ್ದಿಲು ಸಿಕ್ಕಿವೆ. ಮ್ಯೂಸಿಯಂನಲ್ಲಿ ಕರಕಲಾದ ಅಕ್ಕಿ ಇಟ್ಟಿದ್ದಾರೆ. ಕಪ್ಪಗಿದ್ದರೂ ಕಾಳು ಕಾಳಾಗಿ ಗುರುತು ಸಿಗುತ್ತದೆ. ಇಡೀ ನಳಂದದಲ್ಲಿ ನಾನು ಜಾಸ್ತಿ ಹೊತ್ತು ನಿಂತು ನೋಡಿರುವುದು ಅದನ್ನೇ. ಒಬ್ಬರ ನಾಳೆಯ ಊಟ ಅಲ್ವಾ ಅದು.

ಆ ಮ್ಯೂಸಿಯಂ ರಸ್ತೆ ದಾಟಿದರೆ ಇದೆ, 1917ರಿಂದ ಇದೆ. ಚಿಕ್ಕದು. ಶುಕ್ರವಾರ ರಜ, ಹಾಗಾಗಿ ದಿನ ನೋಡಿಕೊಂಡು ಹೊರಡಿ. ಜಾಗ ನೋಡಿದ ಮೇಲೆ ಹೋಗುವುದು ಒಳ್ಳೆಯದು. ಕೋಣೆ ನೋಡಿ ಬಂದಿದ್ದರೆ ಅಲ್ಲಿನ ಸಾಮಾನು ಎಲ್ಲಿ ಇದ್ದವು ಅಂತ ಹೊಳೆಯುತ್ತದೆ. ಮಣ್ಣಿನ ಮುದ್ರೆಗಳನ್ನು ತಪ್ಪಿಸಬೇಡಿ. ಮೇಲೆ ಧರ್ಮಚಕ್ರ, ಎರಡು ಪಕ್ಕ ಜಿಂಕೆ, ಕೆಳಗೆ ನಳಂದ ಮಹಾವಿಹಾರದ ಆರ್ಯಭಿಕ್ಷು ಸಂಘದ್ದು ಅನ್ನುವ ಬರಹ. ಕಾಲೇಜಿನ ಸೀಲು. ಬೌದ್ಧರ ದೇವಿ ತಾರೆಯ ಮೂರ್ತಿ ಕಂಡಾಗ ನಮ್ಮ ಡಂಬಳ ನೆನಪಿಸಿಕೊಳ್ಳಿ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವೊಂದು ತಾರಾ ಭಗವತಿಯನ್ನು ಹೊಗಳಿ, ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ಬಗ್ಗೆ ಹೇಳುತ್ತದೆ. ಆಗ ನಳಂದ ನಡೆಯುತ್ತಿತ್ತು.

ಇಷ್ಟು ದೊಡ್ಡ ಜಾಗ ಮರೆತುಹೋಗಿದ್ದು ಹೇಗೆ ಅಂತ ಕೇಳುತ್ತೀರೇನೋ. ಮಣ್ಣು ಮುಚ್ಚಿತು, ಇಟ್ಟಿಗೆ ಬೇಕಾದವರು ಒಯ್ದರು. ಟಿಪ್ಪು ತೀರಿಕೊಂಡ ಮರುವರ್ಷ ನಮ್ಮ ಮೈಸೂರು, ಕೆನರಾ ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟ ಬುಕಾನನ್ 1812ರ ಹೊತ್ತಿಗೆ ಇಲ್ಲಿಗೂ ಬಂದಿದ್ದ. ದಿಬ್ಬಗಳನ್ನು ನೋಡಿದ, ಆದರೆ ಇದೇ ನಳಂದ ಅಂತ ತಿಳಿಯಲಿಲ್ಲ. ಇದು ರುಕ್ಮಿಣಿಯ ತವರು ಕುಂಡಿಲಪುರ ಅಂತ ಊರಿನವರು ಹೇಳುತ್ತಿದ್ದರು. 1861ರಲ್ಲಿ ಪುರಾತತ್ವಜ್ಞ ಕನಿಂಗ್‌ಹ್ಯಾಮ್, ಹ್ಯೂಯೆನ್ ತ್ಸಾಂಗ್ ಕೊಟ್ಟ ದೂರ, ದಿಕ್ಕುಗಳನ್ನು ಹಿಡಿದುಕೊಂಡು ಬಂದು ಗುರುತು ಹಚ್ಚಿದ. ಸರಿಯಾದ ಅಗೆತ ಶುರುವಾದದ್ದು 1915ರಲ್ಲಿ. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಅಮ್ಮನ ಬಗ್ಗೆ. ಜಾಗ ಮಟ್ಟಸವಾಗಿದೆ, ಹುಲ್ಲುಹಾಸು, ಅಗಲವಾದ ದಾರಿ. ನಡಿಗೆ ಮಾತ್ರ ಜಾಸ್ತಿ. ವಿಹಾರದ ಒಳಗೆ ಏರುತಗ್ಗು ಇರುವುದರಿಂದ ಅವರು ಅಂಗಳದ ಅಂಚಿನಲ್ಲಿ ಕೂತರೆ ಸಾಕು. ಅವರಿಗೆ ಇಷ್ಟವಾಗಬಹುದಾದ ಒಂದು ಜಾಗ ಪಕ್ಕದಲ್ಲೇ ಇದೆ. ದೊಡ್ಡ ಕಪ್ಪು ಕಲ್ಲಿನ ಬುದ್ಧ. ಊರಿನವರು ಅದನ್ನು ಬುದ್ಧ ಅನ್ನುವುದಿಲ್ಲ, ತೇಲಿಯಾ ಬಾಬಾ ಅನ್ನುತ್ತಾರೆ. ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯಲಿ ಅಂತ ತಾಯಂದಿರು ಎಣ್ಣೆ ಹಚ್ಚುತ್ತಾರೆ. ದೂರದೇಶದ ಬೌದ್ಧ ಯಾತ್ರಿಕರು ಬಂದು ಅದೇ ಮೂರ್ತಿಯ ಮುಂದೆ ಸೂತ್ರ ಹೇಳುತ್ತಾರೆ. ಯಾರೂ ಯಾರಿಗೂ ಅಡ್ಡಿ ಬರುವುದಿಲ್ಲ. ಎಣ್ಣೆ ಸೀಸೆ ಹಿಡಿದವರು ಒಂದು ಕಡೆ, ಮಂತ್ರದ ಪುಸ್ತಕ ಹಿಡಿದವರು ಇನ್ನೊಂದು ಕಡೆ.

ಗಯೆಯಿಂದ ನಳಂದ ಸುಮಾರು 80 ಕಿಲೋಮೀಟರ್. ಕಾರಿನಲ್ಲಿ ಎರಡೂವರೆ ಗಂಟೆ ಹಿಡಿಯಿರಿ. ಜನವರಿಯಲ್ಲಿ ಬಿಹಾರದ ಮಂಜು ನಮ್ಮ ಮಡಿಕೇರಿಯ ಮಂಜಿನ ಹಾಗೆ ಚೆಂದ ಅಲ್ಲ, ರಸ್ತೆಯೇ ಕಾಣುವುದಿಲ್ಲ. ಅವಸರ ಮಾಡದೆ ಎಂಟರ ಮೇಲೆ ಹೊರಡಿ. ಅಮ್ಮನಿಗೆ ಶಾಲು, ಮಂಕಿ ಕ್ಯಾಪ್ ಮರೆಯಬೇಡಿ. ಸಂಜೆ ಐದು ಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ದಾರಿಯಲ್ಲೇ ರಾಜಗೀರ್ ಸಿಗುತ್ತದೆ. ಅಲ್ಲಿನ ರೋಪ್‌ವೇ, ಬಿಸಿನೀರಿನ ಕುಂಡ, ಗೃಧ್ರಕೂಟ ಎಲ್ಲವನ್ನೂ ಅದೇ ದಿನಕ್ಕೆ ತುರುಕುತ್ತೇನೆ ಅಂತ ಡ್ರೈವರ್ ಹೇಳಿದರೆ ಒಪ್ಪಬೇಡಿ. ಆಗ ನಳಂದಕ್ಕೆ ಉಳಿಯುವುದು ನಿಮ್ಮ ಭಾವಮೈದನ ಅರ್ಧ ಗಂಟೆಯೇ. ಇನ್ನೊಂದು ದಿನ ಹೊಂದಿಸೋಕೆ ಆದರೆ ರಾಜಗೀರ್‌ನಲ್ಲಿ ಉಳಿದು ಪಾವಾಪುರಿಗೂ ಹೋಗಿಬನ್ನಿ. ಮಹಾವೀರರು ನಿರ್ವಾಣ ಹೊಂದಿದ ಊರು ಅದು, ಕೆರೆಯ ನಡುವೆ ಜಲಮಂದಿರ ಇದೆ.

ವಾಪಸ್ ಬರುವಾಗ ನಳಂದ ಮತ್ತು ರಾಜಗೀರ್ ನಡುವೆ ಸಿಲಾವ್ ಅನ್ನುವ ಊರಿನಲ್ಲಿ ಗಾಡಿ ನಿಲ್ಲಿಸಿ. ಖಾಜಾಕ್ಕೆ ಹೆಸರಾದ ಊರು. ಪದರ ಪದರವಾಗಿ ಉಬ್ಬಿದ, ಮುಟ್ಟಿದರೆ ಪುಡಿಯಾಗುವ ತಿಂಡಿ, ನಮ್ಮ ಚಿರೋಟಿಯ ದಾಯಾದಿ. ಅರ್ಧ ಕೆಜಿ ಸಾಕು. ಜಾಸ್ತಿ ಕಟ್ಟಿಸಿಕೊಂಡರೆ ಊರು ತಲುಪುವಷ್ಟರಲ್ಲಿ ಡಬ್ಬಿಯಲ್ಲಿ ಪುಡಿ ಮಾತ್ರ ಇರುತ್ತದೆ.